ನಮ್ಮ ಮನೆಯ ಲೈಸನ್ಸ್ ಮೋಟಾರು

ಹೊಸ ಕಾರು ತಂದವರು ಪೂಜೆಗೆ ನನ್ನನ್ನು ಕರೆಯುವುದನ್ನು ಈಚೆಗೆ ಬಿಟ್ಟಿದ್ದಾರೆ. ತಪ್ಪು ಅವರದಲ್ಲ. ಎಲ್ಲರೂ ಕಾರಿನ ಮುಂದೆ ನಿಂತು ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆಯುವ ಹೊತ್ತಿಗೆ ನಾನು ಹಿಂದೆ ಹೋಗಿ, ಸೊಂಟ ಹಿಡಿದುಕೊಂಡು ಬಗ್ಗಿ, ಏನನ್ನೋ ಹುಡುಕುತ್ತಿರುತ್ತೇನೆ. ಮಂಗಳದ ಹೊತ್ತಿನಲ್ಲಿ ಮುದುಕಿಯೊಬ್ಬಳು ಹೊಸ ಗಾಡಿಯ ಬೆನ್ನು ತಡವುತ್ತ ನಿಂತರೆ ಯಾರಿಗೆ ತಾನೇ ಸಮಾಧಾನ? ಶಹಾಪುರದ ನಮ್ಮ ಓಣಿಯಲ್ಲಿ ಎದುರುಮನೆಯ ಮಾಸ್ತರರು ಮೊನ್ನೆ ಕಾರು ತಂದಾಗ ನನ್ನ ಹಿಂದೆಯೇ ಬಂದು ನಿಂತರು.

"ಏನ್ ಕಳಕೊಂಡೀರಿ ಅಮ್ಮಾ?"

"ಮಾಡಿದವರ ಹೆಸರು ಹುಡುಕಾಕತ್ತೇನಿ."

"ಮುಂದ ಅದ ಅಲ್ರಿ, ಇಷ್ಟ್ ದೊಡ್ಡದು!"

"ಅದು ಮಾರಿದವರದು" ಎಂದೆ. ಮಾಸ್ತರರು ನನ್ನ ಕೈಗೆ ಒಂದು ಪೇಢೆ ಕೊಟ್ಟು, ಮೆಲ್ಲಗೆ ಕಾರಿನಿಂದ ದೂರ ಕರೆದುಕೊಂಡು ಹೋದರು.

ಪೇಢೆ ಚೆನ್ನಾಗಿತ್ತು. ಹೇಳಬೇಕಾದ ಮಾತು ಮಾತ್ರ ಹಾಗೇ ಉಳಿಯಿತು. ನೀವಾದರೂ ಕೇಳಿ. ನಿಜಾಮರ ಕಾಲದಲ್ಲಿ ನಮ್ಮ ಯಾದಗಿರಿಯಲ್ಲಿ ಮೋಟಾರು ತಯಾರಾಗುತ್ತಿತ್ತು. ಅದೂ ನಮ್ಮ ಮನೆಯಲ್ಲಿ. ನನ್ನ ಮೊಮ್ಮಕ್ಕಳು ಇದನ್ನು ನಂಬುವುದಿಲ್ಲ. ಅಜ್ಜಿಗೆ ಎತ್ತಿನ ಗಾಡಿಗೂ ಮೋಟಾರಿಗೂ ಫರಕು ಮರೆತುಹೋಗಿದೆ ಎಂದುಕೊಂಡಿದ್ದಾರೆ.

ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಸ್ಟೇಷನ್ನಿನ ಹಿಂದೆ ಅಜ್ಜ ಬಿಟ್ಟುಹೋದ ಕಟ್ಟಿಗೆ ಅಡ್ಡೆಯೊಂದಿತ್ತು. ಅದರ ಹಿಂದೆ ಪಡಸಾಲೆ, ಪಡಸಾಲೆಯ ಹಿಂದೆ ಮನೆ. ಅಡ್ಡೆಯಲ್ಲಿ ಮೊದಲು ಛಕಡಿ, ಟಾಂಗಾ ತಯಾರಾಗುತ್ತಿದ್ದವು. ಆಮೇಲೆ ಅಪ್ಪ ಲೈಸನ್ಸು ತಂದ. ಕಡಲಾಚೆಯ ಒಂದು ಕಂಪನಿ ತನ್ನ ಮೋಟಾರನ್ನು ಈ ಸೀಮೆಯಲ್ಲಿ ತಯಾರಿಸಿ ಮಾರಲು ಕೊಟ್ಟ ಪರವಾನಗಿ ಅದು. ಆ ಕಂಪನಿಯ ಹೆಸರು ನಾನಿಲ್ಲಿ ಹೇಳುವುದಿಲ್ಲ. ಅವರು ನಮ್ಮ ಹೆಸರನ್ನು ಎಲ್ಲಾದರೂ ಹೇಳಿದ್ದರೆ ನಾನೂ ಹೇಳುತ್ತಿದ್ದೆ. ಎಂಜಿನ್ನು, ಅಚ್ಚು, ಚುಕ್ಕಾಣಿ ಮುಂಬೈಯಿಂದ ದೊಡ್ಡ ದೊಡ್ಡ ಪೆಟ್ಟಿಗೆಗಳಲ್ಲಿ ರೈಲಿಗೆ ಬರುತ್ತಿದ್ದವು. ಮೈಕಟ್ಟು, ಬಾಗಿಲು, ಮೇಲಿನ ಟಪ್ಪು, ಕೆಸರು ತಡೆಯುವ ತಗಡು ಎಲ್ಲ ಇಲ್ಲಿಯದು. ಮೂತಿಯ ಮೇಲೆ ಕಂಪನಿಯ ಹೆಸರು ಹಿತ್ತಾಳೆಯಲ್ಲಿ ಥಳಥಳ ಹೊಳೆಯಬೇಕು. ಬೆನ್ನಿಗೆ, ದೀಪದ ಕೆಳಗೆ, ಅಂಗೈಯಗಲದ ಒಂದು ತಗಡು: ಲೈಸನ್ಸ್ ಪಡೆದ ತಯಾರಕರು ವೀರಭದ್ರಪ್ಪ, ಯಾದಗಿರಿ. ಕಂಪನಿ ಒಪ್ಪದ ಒಂದಕ್ಷರವೂ ಗಾಡಿಯ ಮೇಲೆ ಬೇರೆಲ್ಲೂ ಇರಕೂಡದು ಎಂಬ ಕರಾರಿತ್ತು.

ವೀರಭದ್ರಪ್ಪ ನನ್ನ ಅಪ್ಪ. ತಯಾರಕ ಮಾತ್ರ ಅವನಲ್ಲ.

ಮೋಟಾರು ಮಾಡುತ್ತಿದ್ದವನು ಅಪ್ಪನ ತಮ್ಮ, ನಮ್ಮ ಮಲ್ಲಣ್ಣಕಾಕಾ. ಹಾಗೆಂದು ಅವನನ್ನು ಬಾಯಿಲ್ಲದ ಬಸವಣ್ಣ ಎಂದುಕೊಳ್ಳಬೇಡಿ. ಊರಲ್ಲಿ ಅವನಷ್ಟು ಜಂಭದ ಬಾಯಿ ಮತ್ತೊಂದಿರಲಿಲ್ಲ. ಗಲ್ಲದಲ್ಲಿ ತಂಬಾಕು ಒತ್ತಿಕೊಂಡು, ಗಾಡಿ ನೋಡಲು ಬಂದ ಸಾಹುಕಾರರಿಗೆ "ನಿನ್ನ ಮಾರಿಗಿ ಎತ್ತಿನ ಬಂಡಿನ ಛಲೋ ಕಾಣ್ತದ, ಹೋಗು" ಎಂದುಬಿಡುತ್ತಿದ್ದ. ಕೆಲಸಗಾರರ ಕೈಯಿಂದ ಸುತ್ತಿಗೆ ಕಸಿದುಕೊಳ್ಳುತ್ತಿದ್ದ. ಒಮ್ಮೆ ಸಿಟ್ಟು ಬಂದು ತಾನೇ ಮಾಡಿದ ಬಾಗಿಲನ್ನು ಕೊಡಲಿಯಿಂದ ಸೀಳಿ ಒಲೆಗೆ ಕೊಟ್ಟ. ಅಂದು ಅವ್ವ ಸಾಗವಾನಿಯ ಬೆಂಕಿಯಲ್ಲಿ ರೊಟ್ಟಿ ಬಡಿದಳು.

ಅಪ್ಪ ಅವನಿಗೆ ಪೂರ್ತಿ ಉಲ್ಟಾ. ಅಪ್ಪನ ಉರ್ದು ಬಲು ಚೆಂದ. ಶೇರ್ವಾನಿ ತೊಟ್ಟು ಹೈದರಾಬಾದಿನ ರೈಲು ಹತ್ತಿದನೆಂದರೆ ಅವನು ಬೇರೆಯೇ ಮನುಷ್ಯ. ಕಚೇರಿಯ ಚಪರಾಸಿಯನ್ನೂ 'ಜನಾಬ್' ಎನ್ನುತ್ತಿದ್ದ. ಮನೆಯಲ್ಲಿ ಅವ್ವನನ್ನು 'ಏ' ಎನ್ನುತ್ತಿದ್ದ. ಆದರೆ ಅಪ್ಪ ಬರಿ ಮಾತಿನವನೂ ಅಲ್ಲ. ಮುಂಬೈಯ ಏಜೆಂಟನನ್ನು ಒಲಿಸಿದವನು ಅವನೇ, ಸರ್ಕಾರದ ಇಜಾಜತ್ತಿಗೆ, ಅಂದರೆ ಅನುಮತಿಗೆ, ವರ್ಷಗಟ್ಟಲೆ ಅಲೆದು ಚಪ್ಪಲಿ ಸವೆಸಿದವನೂ ಅವನೇ. ಅವನಿಲ್ಲದಿದ್ದರೆ ಕಾಕಾ ಸಾಯುವತನಕ ಟಾಂಗಾ ಮಾಡುತ್ತಿದ್ದ. ಇದನ್ನು ಮನೆಯಲ್ಲಿ ಅಪ್ಪನೇ ದಿನಕ್ಕೊಮ್ಮೆ ನೆನಪಿಸುತ್ತಿದ್ದನಾದ್ದರಿಂದ ನಮಗೆ ಮರೆಯಲು ಅವಕಾಶವಿರಲಿಲ್ಲ.

ಕಾಗದದಲ್ಲಿ ಒಂದೇ ಹೆಸರು ಕೇಳಿದ್ದರಂತೆ. ಅಪ್ಪ ತನ್ನದು ಬರೆಸಿದ. "ಮನ್ಯಾಗ ಹಿರೇರು ಒಬ್ಬರ ಇರ್ತಾರಲ್ಲ" ಎಂದ. ಕಾಕಾ ಆಗ ನಕ್ಕಿದ್ದ. ಅವನಿಗೆ ಆಗ ಬೇಕಾಗಿದ್ದದ್ದು ಪೆಟ್ಟಿಗೆಯೊಳಗಿನ ಎಂಜಿನ್ನು.

ಮೊದಲ ಗಾಡಿ ತಯಾರಾದಾಗ ನನಗೆ ಎಂಟೋ ಒಂಬತ್ತೋ. ಸುಗ್ಗಿಗೆ ಮುಂಚಿನ ಚಳಿ ದಿನ. ಸುರಪುರದ ಏರು ಹತ್ತಿದರೆ ಮಾತ್ರ ಇದು ಮೋಟಾರು, ಇಲ್ಲದಿದ್ದರೆ ಕೋಳಿ ಗೂಡು ಎಂದು ಕಾಕಾ ಶಪಥ ಮಾಡಿದ್ದ. ಮುಂದೆ ಅವನು ಮತ್ತು ಅಪ್ಪ. ಹಿಂದೆ ಅವ್ವ, ಕಾಕಾನ ಹೆಂಡತಿ ಶರಣಮ್ಮ ಚಿಗವ್ವ, ನಡುವೆ ನಾನು. ಭೀಮೆಯ ಮರಳಲ್ಲಿ ಜೋಳದ ಕಣಿಕೆ ಹಾಸಿ ಗಾಡಿ ದಾಟಿಸಿದರು. ಅಲ್ಲಿಂದ ಎರೆಹೊಲಗಳ ನಡುವಿನ ಕುಲುಕಾಟ. ದೋರನಹಳ್ಳಿ ಮುಟ್ಟುವುದರೊಳಗೆ ನನಗೆ ಹೊಟ್ಟೆ ತೊಳೆಸಿ, ಗಾಡಿ ನೋಡಲು ಓಡಿಬಂದ ಊರ ಜನರೆದುರು ಮುಂಜಾನೆಯ ರೊಟ್ಟಿ, ಶೇಂಗಾಹಿಂಡಿ ಎಲ್ಲ ಹೊರಬಂತು. ಮೋಟಾರು ಮಾಡುವ ಮನೆತನದ ಮಗಳಿಗೆ ಮೋಟಾರು ಆಗುವುದಿಲ್ಲ! ಇಂದಿಗೂ ಬಸ್ಸು ಹತ್ತುವಾಗ ಸೆರಗಿನಲ್ಲಿ ನಿಂಬೆಹಣ್ಣು ಕಟ್ಟಿಕೊಳ್ಳುತ್ತೇನೆ. "ಸುರುವಾತಿಗೇ ಅಭಿಷೇಕ ಮಾಡಿದಳು ನಮ್ಮ ನೀಲವ್ವ" ಎಂದು ಕಾಕಾ ಕೂಗಿದ.

ಸುರಪುರದ ಏರನ್ನು ಅದು ಹತ್ತಿತು. ನರಳಿತು, ಹೊಗೆ ಬಿಟ್ಟಿತು, ಆದರೂ ಹತ್ತಿತು. ಅರಮನೆಯ ಕಡೆಯ ಬೀದಿಯಲ್ಲಿ ಜನ ಎರಡೂ ಬದಿಗೆ ಗೋಡೆಗಂಟಿ ನಿಂತರು. ಕಾಕಾನ ಹುಮ್ಮಸ್ಸು ಅಷ್ಟಕ್ಕೆ ಇಳಿಯಲಿಲ್ಲ. ಗಾಡಿಯನ್ನು ಬೋನಾಳದ ಕೆರೆಗೆ ಹೊಡೆದ. ನೀರಿನ ಮೇಲೆ ಎಲ್ಲೆಲ್ಲಿಂದಲೋ ಬಂದ ಹಕ್ಕಿಗಳು, ಕಾಳು ಹರಡಿದಂತೆ. ಕಾಕಾ ಹಾರ್ನಿನ ರಬ್ಬರು ಹಿಂಡಿದ. ಇಡೀ ಕೆರೆ ಎದ್ದು ನಿಂತಂತೆ ಹಕ್ಕಿಗಳೆಲ್ಲ ಒಮ್ಮೆಲೇ ಮೇಲೆದ್ದವು, ನಮ್ಮ ತಲೆಯ ಮೇಲೆ ಗಳಿಗೆ ಹೊತ್ತು ಬಿಸಿಲೇ ಇರಲಿಲ್ಲ.

"ನೋಡ್ರಿ ವೈನಿ, ನಮ್ಮ ಗಾಡಿಗಿ ಸಲಾಮು ಹೊಡ್ಯಾಕತ್ತಾವ!" ಎಂದ ಕಾಕಾ, ಅವ್ವನ ಕಡೆ ತಿರುಗಿ.

ಅಪ್ಪ ಟೋಪಿ ತೆಗೆದು ಹಕ್ಕಿಗಳಿಗೆ ಬಗ್ಗಿ ಸಲಾಮು ಮಾಡಿದ. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಅವರಿಬ್ಬರು ಒಂದೇ ಮಾತಿಗೆ ಕೂಡಿ ನಕ್ಕದ್ದು ನನ್ನ ನೆನಪಿನಲ್ಲಿ ಅದೇ ಕೊನೆ.

ಗಾಡಿಗಳು ಹೋದವು. ಒಬ್ಬ ಜಹಗೀರದಾರ ಕೊಂಡ, ಇಬ್ಬರು ಹತ್ತಿ ವ್ಯಾಪಾರಿಗಳು ಕೊಂಡರು. ಮುಂಬೈಯಿಂದ ಏಜೆಂಟ ಒಬ್ಬ ಫೋಟೋದವನನ್ನು ಕರೆದುಕೊಂಡು ಬಂದ. ಲೈಸನ್ಸ್ ಪಡೆದ ತಯಾರಕರು ಮೋಟಾರಿನ ಪಕ್ಕ ನಿಂತಿರುವ ಫೋಟೋ ಕಂಪನಿಗೆ ಬೇಕಿತ್ತಂತೆ. ಅಡ್ಡೆಯ ಗೋಡೆ ಹೊಲಸಾಗಿತ್ತೆಂದು ಗಾಡಿಯ ಹಿಂದೆ ಬಿಳಿ ಧೋತರ ಕಟ್ಟಿದರು. ಅವತ್ತು ಗಾಳಿಯೋ ಗಾಳಿ. ಧೋತರ ನಿಲ್ಲಲೊಲ್ಲದು. ಫೋಟೋದವ ಬೈಯತೊಡಗಿದ. ಆಗ ಕಾಕಾ ತಾನೇ "ತಾ ಇಲ್ಲಿ, ನಾ ಹಿಡೀತೇನಿ" ಎಂದು ಧೋತರದ ಹಿಂದೆ ಹೋಗಿ, ಎರಡೂ ಕೈ ಎತ್ತಿ ಹಿಡಿದು ನಿಂತ. ಯಾರೂ ಅವನನ್ನು ಕಳಿಸಲಿಲ್ಲ, ನಾನು ನೋಡಿದ್ದೇನೆ. ಆದರೆ ಯಾರೂ "ನೀ ಈ ಕಡಿ ಬಾ" ಎಂದೂ ಅನ್ನಲಿಲ್ಲ.

ಫೋಟೋ ಕಟ್ಟು ಹಾಕಿಸಿಕೊಂಡು ನಮ್ಮ ನಡುಮನೆಗೆ ಬಂತು. ಶೇರ್ವಾನಿಯಲ್ಲಿ ಅಪ್ಪ, ಹೊಳೆಯುವ ಮೋಟಾರು, ಹಿಂದೆ ಬಿಳಿಯ ಪರದೆ. ಪರದೆಯ ಎರಡು ಮೂಲೆಗಳಲ್ಲಿ ಕರ್ರಗಿನ ಹತ್ತು ಬೆರಳು. ಬಂದವರೆಲ್ಲ ಅಪ್ಪನನ್ನು ನೋಡುತ್ತಿದ್ದರು. ಚಿಗವ್ವ ಮಾತ್ರ ಕಸ ಹೊಡೆಯುವಾಗೆಲ್ಲ ಆ ಬೆರಳುಗಳನ್ನೇ ನೋಡುತ್ತಿದ್ದಳು.

ಆ ಯುಗಾದಿಯ ಊಟಕ್ಕೆ ಅವಳು ಮಾತೆತ್ತಿದಳು. ಭಾವನ ಎದುರು ನಿಂತು ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಅಡುಗೆಮನೆಯ ಬಾಗಿಲ ಹಿಂದಿನಿಂದ ಅವಳ ದನಿ ಬಂತು.

"ಯಕ್ಕಾ, ಭಾವಗ ಕೇಳ್ರಿ. ತಗಡಿನ ಮ್ಯಾಲ ಇನ್ನೊಂದು ಹೆಸರು ಯಾವಾಗ ಕೂಡಸ್ತಾರ ಅಂತ."

ಅವ್ವ ಕೇಳುವ ಅಗತ್ಯವಿರಲಿಲ್ಲ. ಅಪ್ಪನ ಕೈ ಹೋಳಿಗೆಯ ಮೇಲೆ ನಿಂತಿತು. "ಮುಂದಿನ ಸಲ ಹೈದರಾಬಾದಿಗಿ ಹೋದಾಗ ಮಾತಾಡ್ತೀನಿ. ಇಜಾಜತ್ ಬ್ಯಾರೆ ಮಾಡಸ್ಬೇಕು, ಕಂಪನಿ ಒಪ್ಪಬೇಕು. ಹುಡುಗರ ಆಟ ಏನದು?"

"ಹೋದ ಸಲನೂ ಇದನ್ನ ಹೇಳಿದ್ದಿ ಯಣ್ಣಾ" ಎಂದ ಕಾಕಾ.

"ಲೈಸನ್ ಅಂದ್ರ ಏನಂತ ತಿಳದೀ ಮಲ್ಲಾ? ನಾಳಿ ಅವರು ಇಲ್ಲ ಅಂದ್ರ ನೀ ಎಲ್ಲಿ, ನಾ ಎಲ್ಲಿ?"

"ನಾ ಇಲ್ಲ ಅಂದ್ರ?" ಎಂದ ಕಾಕಾ.

ಅಪ್ಪ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡ. ಅಪ್ಪ ಮುಂದೆ ಎಷ್ಟೋ ಸಲ ಹೈದರಾಬಾದಿಗೆ ಹೋದ. ನನಗೆ ಗಾಜಿನ ಬಳೆ ತಂದ, ಅವ್ವನಿಗೆ ಅತ್ತರು ತಂದ. ಹೆಸರು ತರಲಿಲ್ಲ. ಅವನು ಕೇಳಿಯೇ ಇರಲಿಲ್ಲ ಎಂಬುದು ನನ್ನ ಗುಮಾನಿ. ಕೇಳಿದರೆ, ನಿಜವಾಗಿ ಮೋಟಾರು ಮಾಡುವವನು ತಾನಲ್ಲ ಎಂದು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತಲ್ಲ.

ಮರುವರ್ಷ ದೊಡ್ಡ ಹುದ್ದೆಯ ಒಬ್ಬ ಸಾಹೇಬರಿಗೆ ಗಾಡಿ ಬೇಕಾಯಿತು. ಅವರು ಖುದ್ದಾಗಿ ಅಡ್ಡೆಗೆ ಬಂದರು. ನನಗೆ ರೇಷ್ಮೆಯ ಲಂಗ ಉಡಿಸಿ ಹಿಂದಿನ ಸೀಟಿನಲ್ಲಿ ಕೂಡಿಸಿದ್ದರು, ಮಕ್ಕಳು ಎಷ್ಟು ಆರಾಮಾಗಿ ಕೂಡಬಹುದೆಂದು ತೋರಿಸಲು. ಗಾಡಿ ನಿಂತಲ್ಲೇ ನಿಂತಿದ್ದರೂ ನನಗೆ ಹೊಟ್ಟೆ ತೊಳೆಸುತ್ತಿತ್ತು. ಉಸಿರು ಬಿಗಿಹಿಡಿದು ನಗುತ್ತ ಕೂತಿದ್ದೆ. ಸಾಹೇಬರು ವಯಸ್ಸಾದವರು, ಸಾವಧಾನದ ಮನುಷ್ಯ. ಕೈಕೋಲು ಊರುತ್ತ ಗಾಡಿಯ ಸುತ್ತ ನಡೆದರು. ಬಾಗಿಲು ತೆಗೆದು ಹಾಕಿ ಅದರ ಸದ್ದು ಕೇಳಿದರು. ಹಿಂದೆ ಹೋಗಿ ನಿಂತರು. ಆಮೇಲೆ ಬಗ್ಗಿದರು.

ಅಪ್ಪನ ಹೆಸರಿನ ತಗಡಿನ ಕೆಳಗೆ, ಗಾಡಿಯ ಮೈಯಲ್ಲೇ, ಉಳಿಯಿಂದ ಕೊರೆದ ಕನ್ನಡ ಅಕ್ಷರಗಳಿದ್ದವು. 'ಮಾಡಿದವ ಮಲ್ಲಣ್ಣ.' ಅಪ್ಪ ಅದನ್ನು ಅದುವರೆಗೆ ನೋಡಿರಲಿಲ್ಲ.

"ಯೇ ಕ್ಯಾ ಲಿಖಾ ಹೈ, ಸೇಠ್?" ಏನು ಬರೆದಿದೆ ಇದು ಎಂದು ಸಾಹೇಬರು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಕೇಳಿದರು, ಅಷ್ಟೇ. ಎಷ್ಟೋ ವರ್ಷ ನಾನು ಆ ದನಿಯನ್ನು ಮತ್ತೆ ಮತ್ತೆ ಕಿವಿಯಲ್ಲಿ ತಿರುವಿ ನೋಡಿದ್ದೇನೆ. ಇವನು ನನ್ನ ತಮ್ಮ, ಇವನೇ ಮಾಡಿದವನು ಎಂದಿದ್ದರೆ ಆ ಮನುಷ್ಯ ಬಹುಶಃ ಕಾಕಾನ ಕೈ ಕುಲುಕುತ್ತಿದ್ದರು.

ಅಪ್ಪನ ಮುಖ ಬಿಳಿಚಿತು. ಕಂಪನಿಯ ಕರಾರು ಕಣ್ಣಮುಂದೆ ಬಂದಿರಬೇಕು. "ಕುಛ್ ನಹೀಂ ಸರ್ಕಾರ್" ಎಂದ. "ಕಾರ್ಖಾನೇ ಕಾ ಏಕ್ ಮಜ್ದೂರ್ ಹೈ. ಪಾಗಲ್ ಹೈ."

ಕಾರ್ಖಾನೆಯ ಒಬ್ಬ ಕೂಲಿ. ಹುಚ್ಚ.

ಕಾಕಾ ಎಂಜಿನ್ನಿನ ಹತ್ತಿರವೇ ನಿಂತಿದ್ದ. ಅವನಿಗೆ ಉರ್ದು ಸರಿಯಾಗಿ ಬರುತ್ತಿರಲಿಲ್ಲ, ಆದರೆ ಆ ಎರಡು ಮಾತು ತಿಳಿಯದವರು ನಮ್ಮ ಸೀಮೆಯಲ್ಲಿ ಯಾರಿದ್ದರು? ಅಪ್ಪ ಅವನ ಮುಖ ನೋಡದೆ ಕನ್ನಡದಲ್ಲಿ ಹೇಳಿದ, "ಮಲ್ಲಾ, ಅರ ತಗೊಂಡ್ ಬಾ. ಇದನ್ನ ಉಜ್ಜಿ ತಗಿ."

ನಾನು ಕಿಟಕಿಯಿಂದ ಕತ್ತು ಹೊರಹಾಕಿ ನೋಡಿದೆ. ಇನ್ನೇನು ಕಾಕಾ ಸುತ್ತಿಗೆ ಎತ್ತುತ್ತಾನೆ, ಅಪ್ಪನ ಮೇಲೋ ಗಾಡಿಯ ಮೇಲೋ ಬೀಸುತ್ತಾನೆ ಎಂದುಕೊಂಡೆ. ಅವನು ಅರ ತಂದ. ಮೊಣಕಾಲೂರಿ ಕೂತ. ತನ್ನ ಹೆಸರನ್ನು ತಾನೇ ಉಜ್ಜಿದ. ಕರ್ ಕರ್ ಎಂಬ ಸದ್ದು ಗಾಡಿಯ ಮೈಯಲ್ಲಿ ಹಾಯ್ದು ನಾನು ಕೂತ ಸೀಟಿಗೂ ಬರುತ್ತಿತ್ತು. ಕೊನೆಯ ಅಕ್ಷರವೂ ಹೋದ ಮೇಲೆ ಅಂಗೈಯಿಂದ ಸವರಿ ನೋಡಿದ. ಕೆಲಸ ಕೆಟ್ಟದಾಗಬಾರದಲ್ಲ! ಅದರ ಮೇಲೆ ಬಣ್ಣವನ್ನೂ ಹಚ್ಚಿದ. ಸಾಹೇಬರು ಗಾಡಿ ಮೆಚ್ಚಿ ಒಯ್ದರು.

ಸಂಜೆ ಕಾಕಾ, ಚಿಗವ್ವ ಗಂಟು ಕಟ್ಟಿದರು. ಅವ್ವ ಅಡ್ಡ ನಿಂತು ಅತ್ತಳು. "ಹೋಗ್ಬ್ಯಾಡೋ ಮಲ್ಲಣ್ಣ, ಬಾಯಿ ತಪ್ಪಿ ಅಂದಾರ."

"ಬಾಯಿ ತಪ್ಪಿಲ್ಲ ವೈನಿ" ಎಂದ ಕಾಕಾ. "ಅಷ್ಟ್ ಚೆಂದ ಉರ್ದು ಬಾಯಿ ತಪ್ಪಿ ಬರಂಗಿಲ್ಲ."

ಇಬ್ಬರೂ ಚಿಗವ್ವನ ತವರಾದ ಸುರಪುರಕ್ಕೆ ಹೋದರು. ಅಪ್ಪ ಅಂದು ಅಡ್ಡೆಯಿಂದ ಮನೆಗೆ ತಡವಾಗಿ ಬಂದ. ಅವರು ಹೋದ ಮೇಲೆಯೇ ಬಂದ.

ಸುರಪುರದಲ್ಲಿ ಕಾಕಾ ಒಂದು ಮುರುಕಲು ಲಾರಿಯ ಎಂಜಿನ್ನು ಹುಡುಕಿ, ಯಾರ ಲೈಸನ್ಸೂ ಇಲ್ಲದೆ, ತನ್ನದೇ ಒಂದು ಮೋಟಾರು ಮಾಡಿದ. ನಾನು ಅದನ್ನು ನೋಡಲಿಲ್ಲ. ಕಂಡವರು ಹೇಳಿದ್ದು, ಅದರ ಮೂತಿಯ ಮೇಲೆ, ಕಂಪನಿಯ ಹೆಸರು ಇರಬೇಕಾದ ಜಾಗದಲ್ಲಿ, ಮೊಳದುದ್ದದ ಅಕ್ಷರಗಳಲ್ಲಿ 'ಮಲ್ಲಣ್ಣ' ಎಂದಿತ್ತಂತೆ. ಜನರನ್ನು ಹತ್ತಿಸಿಕೊಂಡು ಬೋನಾಳಕ್ಕೂ ಶಹಾಪುರಕ್ಕೂ ಓಡಿಸುತ್ತಿದ್ದನಂತೆ. ಸುದ್ದಿ ಏಜೆಂಟನ ಕಿವಿಗೂ ಬಿತ್ತು. ಅವನು ರೈಲಿಳಿದು ನೇರ ನಮ್ಮ ಮನೆಗೆ ಬಂದು, ಚಹಾ ಕುಡಿಯುತ್ತ ನಯವಾಗಿಯೇ ಹೇಳಿದ: ಆ ಗಾಡಿಯ ಮೈಕಟ್ಟು ಕಂಪನಿಯ ನಮೂನೆ, ಲೈಸನ್ಸ್ ಉಳ್ಳವರು ಫಿರ್ಯಾದಿ ಕೊಡಬೇಕು, ಕೊಡದಿದ್ದರೆ ನಿಮ್ಮದೂ ಅವರದೂ ಒಂದೇ ಕಾರ್ಖಾನೆ ಎಂದು ಕಂಪನಿ ತಿಳಿಯುತ್ತದೆ, ಲೈಸನ್ಸ್ ಹೋಗುತ್ತದೆ.

ಅವನು ಹೋದ ಮೇಲೆ ಅವ್ವ ಮದುವೆಯಾದಂದಿನಿಂದ ಮೊದಲ ಬಾರಿಗೆ ಅಪ್ಪನೆದುರು ದನಿ ಎತ್ತಿದಳು. "ಒಡಹುಟ್ಟಿದವನ ಮ್ಯಾಲ ಫಿರ್ಯಾದಿ ಕೊಡ್ತೀರೇನ್ರಿ?"

"ನಾ ಕೊಡಾಕತ್ತಿಲ್ಲ" ಎಂದ ಅಪ್ಪ. "ಲೈಸನ್ ಕೊಡಾಕತ್ತದ."

ಅಪ್ಪನ ಮಾತು ಯಾವಾಗಲೂ ಹೀಗೆಯೇ, ಕೇಳಲು ಚೆಂದ. ಸಹಿಯನ್ನು ಮಾತ್ರ ಲೈಸನ್ಸು ಮಾಡಲಿಲ್ಲ, ಅವನೇ ಮಾಡಿದ. ಕಾಕಾನ ಗಾಡಿ ಜಪ್ತಿಯಾಯಿತು. ಅವನನ್ನು ಕೆಲವು ದಿನ ಒಳಗಿಟ್ಟು ಬಿಟ್ಟರು. ಜಪ್ತಿಯಾದ ಗಾಡಿ ಅಂಗಳವೊಂದರಲ್ಲಿ ಮಳೆಬಿಸಿಲಿಗೆ ನಿಂತಿತು. ಕೋಳಿಗಳು ಅದರೊಳಗೆ ಮೊಟ್ಟೆ ಇಟ್ಟವು, ಆಡುಗಳು ಅದರ ಮೇಲೆ ಹತ್ತಿದವು. ಕಾಕಾ ಆ ಬೀದಿಯನ್ನೇ ಬಿಟ್ಟು, ಸುತ್ತುಹಾದಿಯಲ್ಲಿ ಬಜಾರಿಗೆ ಹೋಗುವುದನ್ನು ರೂಢಿ ಮಾಡಿಕೊಂಡನಂತೆ. ಕೊನೆಗೆ ಛಕಡಿಯ ಗಾಲಿಗಳ ರಿಪೇರಿಗೆ ಕೂತ.

ಇತ್ತ ಅಪ್ಪ ಬೇರೆ ಮಿಸ್ತ್ರಿಗಳನ್ನಿಟ್ಟು ಇನ್ನೊಂದು ಗಾಡಿ ಮಾಡಿಸಿದ. ಅದು ಭೀಮೆಯ ಮರಳಿನಲ್ಲಿಯೇ ಕೂತುಬಿಟ್ಟಿತು. ಎತ್ತು ಕಟ್ಟಿ ಮನೆಗೆ ಎಳೆತಂದರು. ಅದನ್ನು ತಿದ್ದುವಷ್ಟರಲ್ಲಿ ಲಡಾಯಿ, ಆ ಎರಡನೇ ಮಹಾಯುದ್ಧ, ಸುರುವಾಯಿತು. ಮುಂಬೈಯಿಂದ ಪೆಟ್ಟಿಗೆಗಳು ಬರುವುದು ನಿಂತಿತು. ಪೆಟ್ರೋಲು ಸಿಗದಾಯಿತು; ಇದ್ದಬದ್ದ ಗಾಡಿಗಳನ್ನೇ ಜನ ಮೂಲೆಗೆ ತಳ್ಳಿದರು. ಸ್ವಲ್ಪ ದಿನಕ್ಕೆ ಕಂಪನಿ ಈ ಭಾಗದ ವ್ಯವಹಾರವನ್ನೇ ಮುಚ್ಚಿದೆಯೆಂದು ಏಜೆಂಟ ತಿಳಿಸಿದ. ತಮ್ಮನನ್ನು ಕೊಟ್ಟು ಉಳಿಸಿಕೊಂಡ ಲೈಸನ್ಸಿಗೆ ಆಮೇಲೆ ಬೆಲೆ ಇರಲಿಲ್ಲ. ಕಂಪನಿಗೆ ನಮ್ಮ ಮೇಲೆ ಸಿಟ್ಟೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ನಾವು ಇದ್ದೆವೆಂಬುದೇ ಅವರಿಗೆ ಗೊತ್ತಿತ್ತೋ ಇಲ್ಲವೋ.

ಅಪ್ಪ ಒಪ್ಪಲಿಲ್ಲ. ದಿನಾ ಶೇರ್ವಾನಿ ತೊಟ್ಟು ಸ್ಟೇಷನ್ನಿಗೆ ಹೋಗಿ, "ನಮ್ಮ ಪೆಟ್ಟಿಗಿ ಬಂದಾವೇನ್ರಿ?" ಎಂದು ಕೇಳುತ್ತಿದ್ದ. ಊರವರು ಅವನನ್ನು 'ಲೈಸನ್ನಪ್ಪ' ಎಂದು ಕರೆಯತೊಡಗಿದರು. ಅದು ಚೇಷ್ಟೆ ಎಂದು ಅವನಿಗೆ ಕೊನೆಯವರೆಗೆ ತಿಳಿಯಲಿಲ್ಲ. ಅಥವಾ ತಿಳಿದಿತ್ತೇನೋ, ನಮಗೆ ತೋರಗೊಡಲಿಲ್ಲ.

ನಿಜಾಮರ ಆಳ್ವಿಕೆ ಮುಗಿಯುತ್ತ ಬಂದ ಆ ಗದ್ದಲದ ತಿಂಗಳುಗಳಲ್ಲಿ ಅಪ್ಪ ತೀರಿಕೊಂಡ. ಊರ ಅರ್ಧ ಜನ ದಾಳಿಗಳಿಗೆ ಹೆದರಿ ನಿಜಾಮರ ಗಡಿಯಾಚೆಗೆ ಓಡಿದ್ದರು. ಉಳಿದವರು ಬಾಗಿಲು ತೆರೆಯುತ್ತಿರಲಿಲ್ಲ. ನಮ್ಮಲ್ಲಿ ಸತ್ತವರನ್ನು ಕೂಡಿಸಿ, ವಿಮಾನ ಎಂಬ ಸಿಂಗರಿಸಿದ ಚೌಕಟ್ಟಿನಲ್ಲಿ ಹೊತ್ತು ಒಯ್ಯುತ್ತಾರೆ. ವಿಮಾನ ಕಟ್ಟಲು ಒಬ್ಬ ಬಡಿಗನೂ ಸಿಗಲಿಲ್ಲ. ಅಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿ, ಅವ್ವ, ನಾನು ಎದುರು ಕೂತಿದ್ದೆವು. ಬೇನೆ ಬಲಿತಾಗಲೇ ದೋರನಹಳ್ಳಿಯ ಕಡೆ ಹೋಗುವ ಗಾಡಿಯವನ ಕೈಯಲ್ಲಿ ಸುರಪುರಕ್ಕೆ ಮಾತು ಕಳಿಸಿದ್ದೆವು. ಮುಟ್ಟುತ್ತದೆಂಬ ಭರವಸೆ ಇರಲಿಲ್ಲ.

ಬಿಸಿಲೇರುವ ಹೊತ್ತಿಗೆ ಕಾಕಾ ಬಂದ. ಅಂಥ ದಿನಗಳಲ್ಲಿ ಅಷ್ಟು ದೂರ ಹೇಗೆ ಬಂದನೋ ಹೇಳಲಿಲ್ಲ. ಹೆಗಲ ಮೇಲೆ ಹತಾರಗಳ ಚೀಲವಿತ್ತು. ಬಾಗಿಲಲ್ಲಿ ನಿಂತು ಅಣ್ಣನನ್ನು ನೋಡಿದ. ಒಳಗೆ ಬರದೆ ಅಡ್ಡೆಗೆ ಹೋಗಿ ಕಟ್ಟಿಗೆ ಆರಿಸಿದ. ಮಧ್ಯಾಹ್ನದವರೆಗೆ ಉಳಿ, ಬಾಚಿಗಳ ಸದ್ದು ಕೇಳಿಸಿತು. ಕೂಲಿಯ ಬಡಿಗ ಎರಡು ಬಿದಿರು ಕಟ್ಟಿ ಮುಗಿಸುವ ಕೆಲಸವನ್ನು ಅವನು ಸಾಗವಾನಿಯಲ್ಲಿ, ಒಂದು ಮೊಳೆಯಿಲ್ಲದೆ, ಕಚ್ಚುಹಾಕಿ ಕೂಡಿಸಿದ. ಮೇಲೆ ಕಮಾನೂ ಬಂತು. ಮಣ್ಣಿಗೆ ಹೋಗುವ ವಸ್ತುವಿಗೆ ಅಷ್ಟು ಚೆಂದದ ಕೆಲಸವನ್ನು ನಾನು ಮತ್ತೆ ನೋಡಿಲ್ಲ.

ಎಲ್ಲ ಮುಗಿದ ಮೇಲೆ ಅವನು ಅವ್ವನೆದುರು ಬಂದು ನಿಂತ. ನಾವು ಅಂದುಕೊಂಡೆವು, ಈಗ ಅಳುತ್ತಾನೆ. ಅವನು ಬಲಗೈ ಚಾಚಿದ.

"ವೈನಿ, ನನ್ನ ಕೂಲಿ ಕೊಡ್ರಿ."

ನನ್ನ ಮೈ ಉರಿದುಹೋಯಿತು. ಏನೋ ಅನ್ನಲು ಹೊರಟೆ. ಅವ್ವ ನನ್ನ ತೋಳು ಹಿಡಿದುಕೊಂಡು, ಸೆರಗಿನ ಗಂಟು ಬಿಚ್ಚಿ, ಆಳಿಗೆ ಏನು ಕೊಡುತ್ತಾರೋ ಅಷ್ಟನ್ನು ಅವನ ಅಂಗೈಯಲ್ಲಿಟ್ಟಳು. ಅವನು ಅದನ್ನು ಕಣ್ಣಿಗೊತ್ತಿಕೊಂಡ. ವಿಮಾನಕ್ಕೆ ಹೆಗಲು ಕೊಡಲಿಲ್ಲ. ಉಳಿದ ಕೆಲವೇ ಜನ ಅದನ್ನು ಹೊತ್ತು ಓಣಿ ತಿರುಗುವವರೆಗೆ ನೋಡಿ, ವಸ್ತ್ರದಿಂದ ಮುಖ ಒರೆಸಿಕೊಂಡ. ಬೆವರೋ ಏನೋ. ಚೀಲ ಹೆಗಲಿಗೇರಿಸಿ ಹೊರಟುಹೋದ.

ಆಮೇಲೆ ನನಗೆ ಶಹಾಪುರಕ್ಕೆ ಮದುವೆಯಾಯಿತು. ಕೆಲವು ವರ್ಷಕ್ಕೆ ಅವ್ವ ಹೋದಳು, ಆಮೇಲೆ ಕಾಕಾ. ಅವನ ಸುದ್ದಿ ನನಗೆ ಮುಟ್ಟಿದ್ದು ತಡವಾಗಿ. ಚಿಗವ್ವನನ್ನು ಮಾತಾಡಿಸಲು ಸುರಪುರಕ್ಕೆ ಹೋದೆ. ಬಜಾರಿನ ಬದಿಯ ಒಂದು ಖೋಲಿಯಲ್ಲಿ ಅವಳು ಹೊಲಿಗೆ ಮಷಿನ್ನಿನ ಮುಂದೆ ಕೂತಿದ್ದಳು. ಗೋಡೆಯ ತುಂಬ ಹೆಂಗಸರ ಕುಪ್ಪಸಗಳು ನೇತಾಡುತ್ತಿದ್ದವು. ನನ್ನನ್ನು ನೋಡಿ ಎದ್ದು ಬಂದು ಗಲ್ಲ ಸವರಿ, ಮತ್ತೆ ಹೋಗಿ ಕೂತಳು.

ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತನ್ನು ಹೇಳಿದೆ. "ಚಿಗವ್ವಾ, ಅಪ್ಪ ಮಾಡಿದ್ದು ಘಾತ. ಕಾಕಾನ ಹೆಸರು ಅಳಸಿಬಿಟ್ಟ."

ಅವಳು ಹಲ್ಲಿನಿಂದ ದಾರ ಕಡಿದಳು. "ಹೌದು, ಘಾತಾನ ಮಾಡಿದ. ನಾನೂ ಬಾಯಿ ತುಂಬ ಬೈದೇನಿ. ಅದಿರ್ಲಿ, ಆ ಮೋಟಾರದಾಗ ನೀ ಎಲ್ಲಿ ಕುಂದರ್ತಿದ್ದಿ?"

"ಹಿಂದ. ಸೀಟಿನ ಮ್ಯಾಲ."

"ಆ ಸೀಟು ಯಾರ ಹೊಲದಿದ್ರು?"

ಇಷ್ಟು ಹೊತ್ತು ನಿಮಗೆ ಎಲ್ಲ ಹೇಳಿದೆನಲ್ಲ, ಎಂಜಿನ್ನು, ಬಾಗಿಲು, ಟಪ್ಪು, ತಗಡು. ಸೀಟು ಹೇಗಾಯಿತೆಂಬ ಮಾತು ಎಲ್ಲಾದರೂ ಬಂತೇ? ಅಡ್ಡೆಯ ಹಿಂದಿನ ಪಡಸಾಲೆಯಲ್ಲಿ ಅವ್ವ, ಚಿಗವ್ವ ಎದುರುಬದುರು ಕೂತು, ದಪ್ಪ ತೊಗಲಿಗೆ ದಬ್ಬಳ ಚುಚ್ಚಿ, ನಾರು ತುಂಬಿ, ಹಿಮ್ಮಡಿಯಿಂದ ಒತ್ತಿ ಒತ್ತಿ ಹೊಲಿಯುತ್ತಿದ್ದರು. ಒಡೆದ ಬೆರಳಿಗೆ ಅರಿಶಿಣ ಮೆತ್ತಿಕೊಂಡು ಅದೇ ಕೈಯಿಂದ ರೊಟ್ಟಿ ಬಡಿಯುತ್ತಿದ್ದರು.

"ನೀವಿಬ್ಬರು" ಎಂದೆ.

"ನಾವಿಬ್ಬರ. ಎಲ್ಲಾ ಗಾಡೀವು. ಇಲ್ಲಿ ಸುರಪುರದಾಗ ಮಾಡಿದ್ನಲ್ಲ, ಅದರದೂ ನಾನ ಹೊಲದೆ. ಮೂತಿ ಮ್ಯಾಲ ಮಲ್ಲಣ್ಣ ಅಂತ ಇಷ್ಟಿಷ್ಟ್ ದಪ್ಪ ಅಕ್ಷರ ಬರದು ಹೊಳ್ಳಿ ಹೊಳ್ಳಿ ನೋಡ್ಕೊಂಡ. ನಾ ಹಿಂದ ನಿಂತಿದ್ದೆ. ಒಮ್ಮೆರ ಅಂದ್ನೇನು, ಏ, ನಿಂದೂ ಒಂದು ಹೆಸರು ಅದ ಅಂತ?"

ಹೊರಗೆ ಬಸ್ಸೊಂದು ಏರು ಹತ್ತುತ್ತ ನರಳಿತು. ಅವಳು ಸೂಜಿಗೆ ದಾರ ಪೋಣಿಸಿದಳು.

"ಅಣ್ಣ ತಮ್ಮ ಇಬ್ಬರೂ ಹೆಸರಿಗಿ ಬಡದಾಡಿ ಸತ್ರು. ಹೊಲದಾಕಿ ನಾ ಬದಕೇನಿ."

ಎದ್ದು ಬಂದು ಕೊರಳಿನ ಅಳತೆಪಟ್ಟಿ ತೆಗೆದಳು. "ಕೈ ಎತ್ತು. ತವರಿಗಿ ಬಂದ ಮಗಳಿಗಿ ಬರಿಗೈಲೆ ಕಳಸಂಗಿಲ್ಲ, ಒಂದು ಕುಪ್ಪಸ ಹೊಲದು ಕೊಡ್ತೇನಿ."

ನಾನು ಎರಡೂ ಕೈ ಎತ್ತಿ ನಿಂತೆ. ಬೆನ್ನಿಗೆ ತಾಗಿದ ಅವಳ ಬೆರಳ ತುದಿಗಳು ಇನ್ನೂ ಹಪ್ಪಳದಂತೆ ಒರಟಾಗಿದ್ದವು.